ಸೂರ್ಯನ ಸೌದೆ ಲೆಕ್ಕ

ಮಳೆಗಾಲಕ್ಕೆ ಮುಂಚೆ ಹಿತ್ತಲಿನ ಸೌದೆ ರಾಶಿ ನೋಡಿ ನಮ್ಮವ್ವ ‘ಇದು ಗೌರಿ ಹಬ್ಬದ ತನಕ ಬರುತ್ತೆ, ಅಷ್ಟೇ’ ಅಂದುಬಿಡುತ್ತಿದ್ದಳು. ರಾಶಿ ಎಷ್ಟಿದೆ, ದಿನಕ್ಕೆ ಎಷ್ಟು ಉರಿಯುತ್ತೆ, ಭಾಗಿಸಿದರೆ ಮುಗೀತು. ಹತ್ತೊಂಬತ್ತನೇ ಶತಮಾನದ ಯುರೋಪಿನ ವಿಜ್ಞಾನಿಗಳು ಸೂರ್ಯನಿಗೂ ಇದೇ ಲೆಕ್ಕ ಹಾಕಿದರು.

ಮೊದಲು ರಾಸಾಯನಿಕ ಶಾಖ, ಅಂದರೆ ಬೆಂಕಿ. ಸೂರ್ಯ ಇಡಿಯಾಗಿ ಕಲ್ಲಿದ್ದಲೇ ಆಗಿದ್ದರೂ ಕೆಲವೇ ಸಾವಿರ ವರ್ಷಗಳಲ್ಲಿ ಉರಿದು ಮುಗಿಯಬೇಕು. ಸಾಲದು. 1854ರಲ್ಲಿ ಹೆಲ್ಮ್‌ಹೋಲ್ಟ್ಸ್ ಭೌತಿಕ ದಾರಿ ಹಿಡಿದರು: ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತಿದ್ದಾನೆ, ಅದರಿಂದಲೇ ಈ ಬಿಸಿ. ಗಾಳಿ ಒತ್ತಿದಾಗ ಸೈಕಲ್ ಪಂಪಿನ ಬುಡ ಬಿಸಿಯಾಗಲ್ವಾ, ಹಾಗೆ. ಈ ಲೆಕ್ಕದಲ್ಲಿ ಎರಡು-ಮೂರು ಕೋಟಿ ವರ್ಷ ಸಿಕ್ಕಿತು.

1862ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಸೂರ್ಯ ಭೂಮಿಗೆ ಬೆಳಕು ಕೊಡಲು ಶುರುಮಾಡಿ ಬಹುಶಃ 10 ಕೋಟಿ ವರ್ಷವೂ ಆಗಿಲ್ಲ ಅಂದರು. ಏಟು ಬಿದ್ದದ್ದು ಡಾರ್ವಿನ್‌ಗೆ. ಜೀವಿಗಳು ಇಷ್ಟಿಷ್ಟೇ ಬದಲಾಗುತ್ತಾ ಬರೋಕೆ ಅಷ್ಟು ಕಾಲ ಸಾಲದು. 1859ರ ಪುಸ್ತಕದಲ್ಲಿ ಅವರು ಇಂಗ್ಲೆಂಡಿನ ವೀಲ್ಡ್ ಪ್ರದೇಶದ ನೆಲ ಸವೆಯಲಿಕ್ಕೇ 30 ಕೋಟಿ ವರ್ಷ ಅಂದಿದ್ದರು. ಟೀಕೆ ಬಂದು, 1861ರ ಮುದ್ರಣದಲ್ಲೇ ಆ ಅಂಕಿ ಕೈಬಿಟ್ಟಿದ್ದರು. ಈಗ ಇದು ಬೇರೆ. 1882ರಲ್ಲಿ ಅವರು ತೀರಿಕೊಂಡಾಗಲೂ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಕೆಲ್ವಿನ್ ಅವರ ಭಾಗಾಕಾರ ಸರಿಯೇ ಇತ್ತು. ಸೌದೆ ಯಾವುದು ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. 1903ರಲ್ಲಿ ಪಿಯರ್ ಕ್ಯೂರಿ ಮತ್ತು ಲಾಬೋರ್ಡ್ ರೇಡಿಯಂ ಅಳೆದು ನೋಡಿದರೆ, ಅದು ಉರಿಯದೆ, ಕುಗ್ಗದೆ, ಗಂಟೆಗೆ ತನ್ನ ತೂಕಕ್ಕಿಂತ ಹೆಚ್ಚು ಮಂಜುಗಡ್ಡೆ ಕರಗಿಸುವಷ್ಟು ಶಾಖ ಕೊಡುತ್ತಿತ್ತು! ಪರಮಾಣುವಿನ ಒಳಗೇ ಒಂದು ಉಗ್ರಾಣವಿದೆ ಅಂತಾಯಿತು. ಸೂರ್ಯನ ಉಗ್ರಾಣ ರೇಡಿಯಂ ಅಲ್ಲ, ಹೈಡ್ರೋಜನ್ ಇರಬೇಕು ಅಂತ 1920ರಲ್ಲಿ ಎಡಿಂಗ್ಟನ್ ಊಹಿಸಿದರು. 1939ರಲ್ಲಿ ಬೆಥೆ ಅದರ ಹಂತಗಳನ್ನು ಬಿಡಿಸಿಟ್ಟರು. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆಗುವಾಗ ದ್ರವ್ಯರಾಶಿ ಸುಮಾರು 0.7% ಕಡಿಮೆಯಾಗುತ್ತೆ. ಹಾಗೆ ಕಳೆದದ್ದೇ ಶಕ್ತಿ. ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ. ಇನ್ನೂ ಅಷ್ಟೇ ಕಾಲ ಸೌದೆ ಇದೆ.

ನನ್ನನ್ನು ಕಾಡೋದು ಇದು: ನಮಗೆ ಗೊತ್ತಿಲ್ಲದ ಬೇರೆ ಮೂಲ ಇದ್ದರೆ ಮಾತು ಬೇರೆ ಅಂತ ಕೆಲ್ವಿನ್ 1862ರಲ್ಲೇ ಬರೆದಿದ್ದರು. ಆದರೆ 1897ರ ಹೊತ್ತಿಗೆ ಭೂಮಿಯ ವಯಸ್ಸನ್ನು ಅವರೇ 2ರಿಂದ 4 ಕೋಟಿಗೆ ಬಿಗಿ ಮಾಡಿದ್ದರು. ಆಫೀಸಿನಲ್ಲಿ ನಾನು ಕೊಡುವ ಎಸ್ಟಿಮೇಟುಗಳ ಗತಿಯೂ ಇಷ್ಟೇ. ‘ಇದಿದ್ದರೆ ಮಾತ್ರ’ ಅನ್ನೋ ಸಾಲು ಬರೆದಿರ್ತೀನಿ. ತಿಂಗಳು ಕಳೆದರೆ ಎಲ್ಲರ ಬಾಯಲ್ಲೂ ಉಳಿಯೋದು ಅಂಕಿ, ನನ್ನ ಬಾಯಲ್ಲೂ.