ಮೊದಲಿನಂಗ ಇಲ್ಲ

‘ಮೊದಲಿನಂಗ ಇಲ್ರೀ ಈಗಿನ ನಾಟಕ’ ಎಂಬ ಮಾತನ್ನು ನಮ್ಮ ಗದಗ-ಬೆಟಗೇರಿ ಕಡೆಯವರು ಎಷ್ಟು ವರ್ಷಗಳಿಂದ ಆಡುತ್ತ ಬಂದಿದ್ದಾರೆ? ನಮ್ಮ ಅಜ್ಜ ಆಡುತ್ತಿದ್ದ. ಆಮೇಲೆ ಅಪ್ಪ ಆಡಿದ. ಈಗ ನಮ್ಮ ಸ್ಟಾಫ್ ರೂಮಿನಲ್ಲಿ ನಿವೃತ್ತಿಗೆ ಬಂದ ಮಾಸ್ತರರು ಚಹಾ ಕುಡಿಯುತ್ತ ಆಡುತ್ತಾರೆ. ಮೂವರ ‘ಮೊದಲು’ ಮಾತ್ರ ಬೇರೆ ಬೇರೆ. ಅಜ್ಜನ ಮೊದಲು ಎಂದರೆ ಗರುಡ ಸದಾಶಿವರಾಯರು. ಅಪ್ಪನ ಮೊದಲು ಎಂದರೆ ಏಣಗಿ ಬಾಳಪ್ಪನವರ ಬಸವೇಶ್ವರ ಮತ್ತು ಧುತ್ತರಗಿಯವರ ನಾಟಕಗಳು. ಮಾಸ್ತರರ ಮೊದಲು ಎಂದರೆ ಅವರು ಹುಡುಗರಾಗಿದ್ದಾಗ ಜಾತ್ರೆಯಲ್ಲಿ ಕದ್ದು ನೋಡಿದ್ದು, ಅಂದರೆ ಅಪ್ಪ ‘ಕೆಟ್ಟಿತು’ ಎಂದು ಬಿಟ್ಟುಬಂದ ಕಾಲವೇ! ಹೀಗಿರುವಾಗ ಯಾರ ಮಾತು ನಂಬಬೇಕು? ಇತಿಹಾಸ ಕಲಿಸುವವಳಾದ್ದರಿಂದ ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

ನಾಟಕದ ವಿಷಯದಲ್ಲಿ ನಮ್ಮ ಊರಿನವರಿಗೆ ಸ್ವಲ್ಪ ಸೊಕ್ಕು ಇದ್ದರೆ ಅದಕ್ಕೆ ಕಾರಣವಿದೆ. 1870ರ ದಶಕದಲ್ಲಿ ಮರಾಠಿ ನಾಟಕ ಮಂಡಳಿಗಳು ನಮ್ಮ ಊರೂರಿಗೆ ಬಂದು ದುಡ್ಡೂ ಚಪ್ಪಾಳೆಯೂ ಗಳಿಸಿಕೊಂಡು ಹೋಗುತ್ತಿದ್ದವು. ಲಕ್ಷ್ಮೇಶ್ವರವಂತೂ ಮಿರಜ ಸಂಸ್ಥಾನಕ್ಕೇ ಸೇರಿತ್ತು. ಅಂಥ ಹೊತ್ತಿನಲ್ಲಿ ಸಕ್ಕರಿ ಬಾಳಾಚಾರ್ಯರು ಎಂಬ ಕನ್ನಡ ಶಾಲೆಯ ಮಾಸ್ತರರು, ಮುಂದೆ ಶಾಂತಕವಿಗಳೆಂದು ಹೆಸರಾದವರು, ಗದುಗಿನಲ್ಲಿ ವೀರನಾರಾಯಣನ ಹೆಸರು ಹೇಳಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ‘ಉಷಾಹರಣ’ ಬರೆದು ಆಡಿಸಿದರು. ಕನ್ನಡದ ಮೊದಲ ವೃತ್ತಿ ನಾಟಕ ಮಂಡಳಿ ಎಂದು ಅದನ್ನೇ ಹೇಳುವ ರೂಢಿ. ಮಾಸ್ತರರೊಬ್ಬರು ಇದನ್ನೆಲ್ಲ ಮಾಡಿದರಲ್ಲ ಎಂದು ನನಗೆ ಇಂದಿಗೂ ಒಳಗೊಳಗೇ ಹಿಗ್ಗು.

ಆಮೇಲೆ ಬಂದವರು ಅಭಿನಯ ಕೇಸರಿ ಗರುಡ ಸದಾಶಿವರಾಯರು. ಗದುಗಿನ ಅವರ ದತ್ತಾತ್ರೇಯ ನಾಟಕ ಮಂಡಳಿಯ ‘ಎಚ್ಚಮನಾಯಕ’, ‘ಪಾದುಕಾ ಪಟ್ಟಾಭಿಷೇಕ’ಗಳ ಹೆಸರು ಕೇಳದ ಮನೆ ಈ ಕಡೆ ಇರಲಿಲ್ಲ. ಹಾಡಿಗೆ ಹಾಡು, ಅದರ ಮೇಲೆ ಒನ್ಸ್ ಮೋರ್ ಎನ್ನುವ ಕಾಲದಲ್ಲಿ ಅವರು ಮಾತಿಗೆ ಬೆಲೆ ತಂದರು. ಶಿರಹಟ್ಟಿಯಲ್ಲಿ ವೆಂಕೋಬರಾಯರ ಕಂಪನಿ ಇತ್ತು. ಲಕ್ಷ್ಮೇಶ್ವರದ ಬಚ್ಚಾಸಾನಿಯಂತೂ ಹೋದ ಶತಮಾನದ ಆರಂಭದಲ್ಲಿಯೇ ಹೆಂಗಸರದೇ ಒಂದು ನಾಟಕ ಮಂಡಳಿ ಕಟ್ಟಿದಳು. ಗಂಡಸರು ಸೀರೆ ಉಟ್ಟು ಸೀತೆ, ದ್ರೌಪದಿ ಆಗುತ್ತಿದ್ದ ದಿನಗಳವು. ಅಂಥ ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಕಂಪನಿಯ ಮಾಲಕಿಯಾಗುವುದೆಂದರೆ ಏನು ಧೈರ್ಯ! ನಮ್ಮ ಪಠ್ಯಪುಸ್ತಕಗಳಲ್ಲಿ ಆಕೆಗೆ ಒಂದು ಸಾಲಿನ ಜಾಗವೂ ಸಿಕ್ಕಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಇರಲಿ. ಅಭಿಮಾನಿಗಳ ಬೇಸರದ ವಿಷಯಕ್ಕೆ ಬರೋಣ. ಅಭಿಮಾನಿ ಹೇಳಿದ್ದೆಲ್ಲ ಸರಿ ಎನ್ನಲೂ ಬರುವುದಿಲ್ಲ. ಮರಾಠಿಯ ಬಾಲಗಂಧರ್ವರ ಸಂಗತಿಯನ್ನೇ ನೋಡಿರಿ. ಹೆಣ್ಣಿನ ಪಾತ್ರದಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಜನ ಕುಣಿದಾಡಿದರು. 1930ರ ದಶಕದ ಕೊನೆಗೆ, ಅವರಿಗೆ ವಯಸ್ಸಾಗಿ ಕಂಪನಿ ಸಾಲದಲ್ಲಿದ್ದಾಗ, ನಮ್ಮ ಬೀಳಗಿಯ ಗೋಹರಬಾಯಿ ಆ ಕಂಪನಿಗೆ ಸೇರಿ ನಾಯಕಿಯ ಪಾತ್ರ ಮಾಡತೊಡಗಿದಳು. ಹಳೆಯ ಅಭಿಮಾನಿಗಳಿಗೆ ಇದು ಸಹಿಸಲಿಲ್ಲ. ಗಂಡಸು ಹೆಣ್ಣಾಗಿ ಬಂದರೆ ಕಲೆ, ಹೆಣ್ಣೇ ಹೆಣ್ಣಾಗಿ ಬಂದರೆ ಕಂಪನಿ ಕೆಟ್ಟಿತು! ಆಕೆಯ ಹಾಡುಗಾರಿಕೆ ಬಾಲಗಂಧರ್ವರ ಹಾದಿಯದೇ ಆಗಿದ್ದರೂ ದೂರು ನಿಲ್ಲಲಿಲ್ಲ. ಇಂಥ ಬೇಸರಕ್ಕೆ ನಾನು ಮೂರು ಕಾಸಿನ ಬೆಲೆಯನ್ನೂ ಕೊಡುವುದಿಲ್ಲ.

ಬೇರೆ ದೇಶದವರೂ ಇದರಲ್ಲಿ ನಮ್ಮಂಥವರೇ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ರಜೆಗೆ ಬಂದಾಗ ‘ಸಿಂಪ್ಸನ್ಸ್’ ಎಂಬ ಕಾರ್ಟೂನ್ ಹಾಸ್ಯ ಧಾರಾವಾಹಿ ತೋರಿಸಿದ. 1989ರಲ್ಲಿ ಆರಂಭವಾದದ್ದು, ಏಳುನೂರು ಕಂತು ದಾಟಿ ಇನ್ನೂ ನಡೆದಿದೆ. ಅದರಲ್ಲಿಯ ಹತ್ತು ವರ್ಷದ ಪೋರ ಇಂದಿಗೂ ಹತ್ತೇ ವರ್ಷದವ. (ನಮ್ಮ ಕಂಪನಿಗಳಲ್ಲಿಯೂ ಐವತ್ತು ದಾಟಿದ ನಾಯಕ ಪುಸ್ತಕ ಹಿಡಿದು ಕಾಲೇಜಿಗೆ ಹೊರಡುತ್ತಿದ್ದ, ಆ ಮಾತು ಬೇರೆ.) ‘ಮಾವಶಿ, ಮೊದಲ ಎಂಟ್ಹತ್ತು ವರ್ಷದವು ಅಷ್ಟೇ ಛಲೋ, ಆಮೇಲಿನವು ನೋಡಬ್ಯಾಡ’ ಎಂದ. ಅಲ್ಲಿಯ ಅಭಿಮಾನಿಗಳೆಲ್ಲರ ಮಾತೂ ಹೆಚ್ಚು ಕಡಿಮೆ ಅದೇ ಅಂತೆ. ಈ ದೂರು ಎಷ್ಟು ಬೇಗ ಹುಟ್ಟಿತೆಂದರೆ 1997ರ ಒಂದು ಕಂತಿನಲ್ಲಿ ಬರೆಯುವವರು ಅದನ್ನೇ ಹಾಸ್ಯಕ್ಕೆ ಹಿಡಿದರು. ಎಲ್ಲವನ್ನೂ ಅತಿ ಕೆಟ್ಟದ್ದೆಂದು ಜರಿಯುವ ಅಭಿಮಾನಿಯೊಬ್ಬನಿಗೆ ಆ ಪೋರ ಕೇಳುತ್ತಾನೆ: ಇಷ್ಟು ದಿನ ಬಿಟ್ಟಿ ನಗಿಸಿದ್ದಾರಲ್ಲ, ಇನ್ನೇನು ಬಾಕಿ ಕೊಡಬೇಕು ನಿನಗೆ?

ಒಳ್ಳೆಯ ಪ್ರಶ್ನೆ. ಆದರೆ ಅದು ಬಿಟ್ಟಿ ನೋಡಿದವರಿಗೆ. ನಮ್ಮ ಅವ್ವ ಬಿಟ್ಟಿ ನೋಡಿದವಳಲ್ಲ. ಮನೆಯ ಖರ್ಚಿನಲ್ಲಿ ಉಳಿಸಿ, ಒಮ್ಮೊಮ್ಮೆ ಸೇರು ಕಾಳು ಮಾರಿ ಟಿಕೀಟು ತೆಗೆಸಿದವಳು. ಅವಳಿಗೆ ಬಾಕಿ ಇತ್ತು. ಆದ್ದರಿಂದ ‘ಮೊದಲಿನಂಗ ಇಲ್ಲ’ ಎಂಬುದರಲ್ಲಿ ಅವಳ ಲೆಕ್ಕಕ್ಕೆ ಎಷ್ಟು ಸತ್ಯವಿದೆ ಎಂದು ಬೇರೆಯಾಗಿಯೇ ನೋಡಬೇಕು.

ಕಂಪನಿ ನಾಟಕ ಹೇಗೆ ನಡೆಯುತ್ತಿತ್ತೆಂಬುದು ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ಜಾತ್ರೆಗೆ ಮುಂಚೆ ಬಂದು ತಗಡಿನ ಥೇಟರ್ ಹಾಕುತ್ತಿದ್ದರು. ದಿನಕ್ಕೆ ಎರಡು ಆಟ. ಹೆಣ್ಣುಮಕ್ಕಳ ಜಾಗ ಬೇರೆ, ನಡುವೆ ಒಂದು ಹಗ್ಗ ಅಥವಾ ತಟ್ಟಿ. ನಾವು ಚಾಪೆ, ಬುತ್ತಿ, ಮಲಗುವ ಕೂಸಿಗೆ ಕೌದಿ ಕಟ್ಟಿಕೊಂಡು ಹೋಗುತ್ತಿದ್ದೆವು. ರಂಗದ ಮೇಲೆ ದರ್ಬಾರು, ಮನೆ, ಅಡವಿ ಎಂದು ದೊಡ್ಡ ದೊಡ್ಡ ಸೀನುಗಳು. ಒಂದನ್ನು ಕಳಚಿ ಇನ್ನೊಂದನ್ನು ನಿಲ್ಲಿಸಲು ಹೊತ್ತು ಬೇಕಲ್ಲ? ಅದಕ್ಕೆ ಮುಂದೊಂದು ರಸ್ತೆಯ ಚಿತ್ರವಿರುವ ಪರದೆ ಬಿಡುವರು. ಅದರ ಮುಂದೆ ಹಾಸ್ಯಗಾರ ಬಂದು ಹತ್ತು ನಿಮಿಷ ಜನರನ್ನು ನಗಿಸುವನು. ಇದೇ ರೋಡ್ ಸೀನ್. ಹಿಂದೆ ಬಡಿಗಿಯ ಸುತ್ತಿಗೆ ಸದ್ದು, ಮುಂದೆ ಜನರ ನಗೆ. ಕಥೆ ಬರೆದವನ ಕೈಬರಹದಲ್ಲಿ ಇದಕ್ಕೆ ಹೆಚ್ಚು ಮಾತಿರುತ್ತಿರಲಿಲ್ಲ. ಹಾಸ್ಯಗಾರ ಊರು ನೋಡಿ, ಮುಂದೆ ಕೂತವರ ಮುಖ ನೋಡಿ ಮಾತು ಕಟ್ಟಬೇಕು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅಂದಂದಿನ ಮಂತ್ರಿಗಳನ್ನೇ ಹಿಡಿದು ಝಾಡಿಸುತ್ತಿದ್ದರೆಂದರೆ ಅದೂ ಈ ಸ್ವಾತಂತ್ರ್ಯದ ಒಂದು ಮುಖವೇ. ಕಥೆಯಲ್ಲಿ ಅತ್ತ ಹೆಂಗಸರಿಗೆ ಉಸಿರು ಬಿಡಲು ಇದು ಬೇಕೂ ಇತ್ತು.

ಕೆಟ್ಟದ್ದು ಈ ಪರದೆಯ ಮುಂದೆಯೇ. 1970ರ ದಶಕದ ತನಕ ನಾಟಕ ಚೆನ್ನಾಗಿದ್ದರೆ ಸಿನೆಮಾದವರೇ ಬಂದು ಕಥೆ ಒಯ್ಯುತ್ತಿದ್ದರು. ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರರ ಸಿನೆಮಾ ಆಯಿತಲ್ಲ. ಆಮೇಲೆ ಗಾಡಿ ತಿರುಗಿತು. ಸಿನೆಮಾದ ಹಾಡು, ಸಿನೆಮಾದ ಕುಣಿತ, ಸಿನೆಮಾದ ಹೊಡೆದಾಟ ನಾಟಕಕ್ಕೆ ಬಂದವು. ಊರಿಗೆ ವಿಡಿಯೊ ಬಂತು. 1987ರಲ್ಲಿ ದೂರದರ್ಶನದ ರಾಮಾಯಣ ಬಂದ ಮೇಲೆ ಟಿ.ವಿ. ಇದ್ದ ಮನೆಯ ಪಡಸಾಲೆಯೇ ಥೇಟರ್ ಆಯಿತು. ಕಂಪನಿಯ ಮಾಲಕನ ಕಷ್ಟವೂ ಸಣ್ಣದಲ್ಲ. ಆಟ ಇರಲಿ ಬಿಡಲಿ, ಮಳೆ ಹೊಡೆಯಲಿ, ದಿನ ಬೆಳಗಾದರೆ ಕಂಪನಿಯ ಅಷ್ಟೂ ಜನರ ಒಲೆ ಉರಿಯಬೇಕು. ಕಥೆಗೆ ಜನ ಬರುವುದಿಲ್ಲ, ಕಾಮಿಕ್ಕಿಗೆ ಬರುತ್ತಾರೆ ಎಂದು ಅವನಿಗೆ ಕಂಡಿತು. ಹತ್ತು ನಿಮಿಷದ ರೋಡ್ ಸೀನ್ ಅರ್ಧ ತಾಸಾಯಿತು, ತಾಸಾಯಿತು. ಒಂದು ಮಾತಿಗೆ ಎರಡರ್ಥ ಹಚ್ಚುವುದು ಶುರುವಾಯಿತು, ಕ್ರಮೇಣ ಅದರಲ್ಲಿ ಒಳ್ಳೆಯ ಅರ್ಥ ಉಳಿಯಲೇ ಇಲ್ಲ. ನಾಟಕದ ಹೆಸರನ್ನೂ ಹಾಗೆಯೇ ಇಡತೊಡಗಿದರು. ಗೋಡೆಗೆ ಹಚ್ಚಿದ ಪೋಸ್ಟರ್ ಓದಿ ಮಕ್ಕಳು ‘ಇದರ ಅರ್ಥ ಏನ್ರೀ ಟೀಚರ್’ ಎಂದು ಕೇಳಿದರೆ ನಾನು ಕರಿಹಲಗೆಯ ಕಡೆ ತಿರುಗುತ್ತಿದ್ದೆ.

1985ರಲ್ಲಿ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ಮುಂಡರಗಿಯ ನೆಂಟರ ಮನೆಗೆ ಹೋದಾಗ ಅವ್ವ, ಅತ್ತಿ, ನಾವು ಹುಡುಗಿಯರೆಲ್ಲ ನಾಟಕಕ್ಕೆ ಹೋಗಿದ್ದೆವು. ಕಂಪನಿಯ ಹೆಸರು ಇಲ್ಲಿ ಬೇಡ. ರೋಡ್ ಸೀನಿನಲ್ಲಿ ಹಾಸ್ಯಗಾರ ಜೊತೆಗಿದ್ದ ನಟಿಗೆ ಒಂದು ಮಾತು ಅಂದ. ಗಂಡಸರ ಕಡೆಯಿಂದ ಸೀಟಿ ಬಿತ್ತು. ಅವ್ವ ಮಾತಾಡದೆ ಚಾಪೆ ಸುತ್ತಿದಳು. ‘ನಡೀರಿ ಮನಿಗೆ’ ಎಂದಳು. ನಮ್ಮ ಹಿಂದೆ ಇನ್ನೂ ನಾಲ್ಕಾರು ಮಂದಿ ಎದ್ದರು. ಹಾಸ್ಯಗಾರ ಅದನ್ನೂ ನೋಡಿ ಇನ್ನೊಂದು ಮಾತು ಅಂದ, ಅದಕ್ಕೆ ಇನ್ನಷ್ಟು ಸೀಟಿ. ಅವ್ವ ಆಮೇಲೆ ಕಂಪನಿ ನಾಟಕಕ್ಕೆ ಹೋಗಲಿಲ್ಲ.

ನನಗೆ ಇದರಲ್ಲಿ ಮುಖ್ಯವೆನಿಸುವುದು ಇಷ್ಟು. ಗಂಡಸು ಅಭಿಮಾನಿ ಬೇಸರಪಟ್ಟರೆ ಚಹಾದಂಗಡಿಯಲ್ಲಿ ಕೂತು ಇಪ್ಪತ್ತು ವರ್ಷ ಬೇಸರಪಡುತ್ತಾನೆ, ಮತ್ತೆ ಸಂಜೆಗೆ ಟಿಕೀಟು ತೆಗೆಸುತ್ತಾನೆ. ಹೆಂಗಸರು ದೂರು ಹೇಳಲಿಲ್ಲ, ಪತ್ರಿಕೆಗೆ ಬರೆಯಲಿಲ್ಲ, ಟಿಕೀಟಿನ ದುಡ್ಡು ತಿರುಗಿ ಕೇಳಲಿಲ್ಲ. ಬರುವುದನ್ನು ಬಿಟ್ಟರು, ಅಷ್ಟೇ. ತಟ್ಟಿಯ ಆಚೆಯ ಜಾಗ ಖಾಲಿಯಾದಂತೆಲ್ಲ ಹಾಸ್ಯಗಾರನ ನಾಲಿಗೆಗೆ ಇದ್ದ ಕಡಿವಾಣ ಕಳಚಿತು. ಕಡಿವಾಣ ಕಳಚಿದಂತೆಲ್ಲ ಉಳಿದ ಹೆಂಗಸರೂ ಎದ್ದರು. ಕಥೆ ಬರೆಯುವವರಿಗೂ ಆಮೇಲೆ ಅತ್ತೆ, ಸೊಸೆ, ಅಣ್ಣ, ತಂಗಿಯರ ಗೋಳನ್ನು ಬರೆಯುವ ಅವಶ್ಯಕತೆ ಉಳಿಯಲಿಲ್ಲ. ಮರುದಿನ ನಳದ ಮುಂದೆ ಕೊಡ ಇಟ್ಟುಕೊಂಡು ‘ಆ ಸೊಸಿ ಮಾಡಿದ್ದು ಖರೇನೋ ತಪ್ಪೋ’ ಎಂದು ಜಗಳಾಡುವವರು ಇದ್ದರಲ್ಲ, ನಾಟಕದ ನಿಜವಾದ ವಿಮರ್ಶಕರು ಅವರೇ. ಅವರನ್ನು ಕಳೆದುಕೊಂಡ ಮೇಲೆ ನಾಟಕ ಕೆಟ್ಟಿತೆಂದು ಗಂಡಸರಿಗೆ ತಿಳಿಯಲು ಹತ್ತು ವರ್ಷ ಹಿಡಿಯಿತು.

ಹೆಂಗಸರಿಗೂ ನಷ್ಟವೇ ಆಯಿತು. ವರ್ಷಕ್ಕೆ ನಾಲ್ಕು ಸಲವಾದರೂ ರಾತ್ರಿ ಹೊತ್ತು ಹತ್ತು ಮಂದಿ ಕೂಡಿ ಹೊರಗೆ ಹೋಗುವ ಒಂದು ನೆಪ ತಪ್ಪಿತು. ಟಿ.ವಿ. ಮುಂದೆ ಕೂತೆವು ನಿಜ, ಆದರೆ ಅವರವರ ಮನೆಯಲ್ಲಿ. ಅಲ್ಲಿಯೂ ಅದೇ ಹಾಡು. 2012ರಲ್ಲಿ ಬಾಲ್ಯವಿವಾಹದ ಕಥೆ ಹೇಳುತ್ತ ಬಂದ ‘ಪುಟ್ಟಗೌರಿ ಮದುವೆ’ಯನ್ನು ನಾವೆಲ್ಲ ಎಷ್ಟು ಅಕ್ಕರೆಯಿಂದ ನೋಡಿದೆವು! ಐದಾರು ವರ್ಷ ಕಳೆಯುವುದರೊಳಗೆ ಗೌರಿ ಅಡವಿಯಲ್ಲಿ ಹುಲಿಯ ಮುಂದೆ ನಿಂತಿದ್ದಳು, ನಾಡೆಲ್ಲ ನಗುತ್ತಿತ್ತು. ರಿಮೋಟ್ ಕೈಯಲ್ಲಿರುವುದರಿಂದ ಚಾಪೆ ಸುತ್ತುವ ತೊಂದರೆ ಮಾತ್ರ ಇಲ್ಲ.

ಎಲ್ಲ ಕಂಪನಿಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೂ ಪಂಚಾಕ್ಷರ ಗವಾಯಿಗಳ ಹೆಸರಿನ ಒಂದು ನಾಟ್ಯಸಂಘ ಇತ್ತು. ಕುರುಡ ಮಕ್ಕಳು ಸಂಗೀತ ಕಲಿಯುವ ಆಶ್ರಮದ ಅನ್ನಕ್ಕೆ ಅದರ ಆದಾಯವೂ ಒದಗುತ್ತಿತ್ತು. 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆಯುತ್ತಿದ್ದರು. ಕಣ್ಣಿಲ್ಲದ ಅವರು ಬರೆದ ನಾಟಕಕ್ಕೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಅಂಜದೆ ಹೋಗುತ್ತಿದ್ದರು. ದುಡ್ಡಿನ ಅಡಚಣೆ ಆ ಕಂಪನಿಗೂ ಇತ್ತಲ್ಲವೆ?

ಕೊನೆಗೂ ಈ ಕೆಡುಕಿನ ಮೈಲಿಗೆ ಯಾರಿಗೆ ಅಂಟಿತು ಎಂದು ಕೇಳಿದರೆ, ಬರೆದವನಿಗಲ್ಲ, ಮಾಲಕನಿಗಲ್ಲ, ಅಂದವನಿಗೂ ಅಲ್ಲ. ಎದುರಿಗೆ ನಿಂತು ಕೇಳಿಸಿಕೊಂಡವಳಿಗೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ಒಬ್ಬಾಕೆ ಮಗಳ ಹೆಸರು ಹಚ್ಚಲು ಬಂದಿದ್ದಳು. ಅರ್ಜಿಯಲ್ಲಿ ತಾಯಿಯ ಉದ್ಯೋಗ ಕೇಳಿದೆ. ‘ನಾಟಕದಾಗ ಪಾರ್ಟು ಮಾಡ್ತೀನ್ರಿ. ಆದ್ರ ಅದನ್ನ ಬರೀಬ್ಯಾಡ್ರಿ ಅಕ್ಕಾರ, ಹುಡುಗಿಗೆ ಕಾಡ್ತಾರ. ಮನಿಗೆಲಸ ಅಂತ ಬರೀರಿ’ ಎಂದಳು. ಹಾಗೆಯೇ ಬರೆದೆ. ಆಮೇಲೆ ಪರಿಚಯ ಬೆಳೆಯಿತು. ಜಾತ್ರೆಯ ದಿನಗಳಲ್ಲಿ ಕಂಪನಿ, ಉಳಿದಾಗ ಹಳ್ಳಿಯ ಹುಡುಗರು ಆಡುವ ನಾಟಕಕ್ಕೆ ಕರೆದಲ್ಲಿಗೆ ಹೋಗುವುದು ಅವಳ ಕೆಲಸ. 2020ರಲ್ಲಿ ಕೊರೊನಾ ಬಂದು ಜಾತ್ರೆಗಳು ನಿಂತಾಗ ಹೊಲದ ಕೂಲಿಗೂ ಹೋದಳು. ಒಂದು ದಿನ ನಾನೇ ಕೇಳಿದೆ, ‘ಹಂಥಾ ಮಾತು ಅಂದಾಗ ನೀವು ಸುಮ್ಮನ ಹ್ಯಾಂಗ ನಿಲ್ತೀರಿ?’ ಎಂದು.

‘ಅದು ಪುಸ್ತಕದಾಗ ಇರೂದಿಲ್ರಿ. ಅಲ್ಲೇ ನಿಂತಾಗ ಅಂತಾನ. ನಾನು ನಗಬೇಕಾಕ್ಕೇತಿ, ನಗಲಿಲ್ಲಂದ್ರ ಮುಂದಿನ ಸರ್ತಿ ಕರೆಯೂದಿಲ್ಲ. ಹೆಣ್ಣಮಕ್ಕಳು ಮುಂದ ಕುಂತಿದ್ರ ಮಾತ್ರ ಅಂವಾ ಅಷ್ಟೊಂದು ಅನ್ನೂದಿಲ್ಲ ನೋಡ್ರಿ. ಬರೂ ಶುಕ್ರವಾರ ನಮ್ಮದೊಂದು ಐತಿ. ನೀವು ಬರ್ರಿ, ನಾಕ ಮಂದಿನ್ನ ಕರಕೊಂಡು ಬರ್ರಿ.’

ಶಾಲೆಯಿಂದ ನಾವು ಐವರು ಹೋದೆವು. ಮೊದಲನೆಯ ಸಾಲಿನಲ್ಲೇ ಕೂತೆವು. ಆಟ ಒಂದೂವರೆ ತಾಸು ತಡವಾಗಿ ಶುರುವಾಯಿತು.