ಎಣ್ಣೆ ಸೋಸಿದ ಕಥೆ: ಹಳೆಯ ಕಾರಿಗೆ ಹೊಸ ಫಿಲ್ಟರ್ ಬೇಕೇ?

ನಮ್ಮ ಕೂಟಗಳಲ್ಲಿ ಬಿಸಿಬೇಳೆಭಾತ್ ಮುಗಿದು ಕಾಫಿ ಬರುವ ಹೊತ್ತಿಗೆ ಮಾತು ಕ್ರಿಕೆಟ್ಟಿಗೋ ಕಾರಿಗೋ ತಿರುಗುವುದು ವಾಡಿಕೆ. ಹಳೆಯ ಮಾರಿಸ್ ಮೈನರ್, ಮಿನಿ, ಬೀಟಲ್ ಕಾರುಗಳನ್ನು ಮಕ್ಕಳಂತೆ ಸಾಕುವ ಸದಸ್ಯರು ಕೆಲವರಿದ್ದಾರೆ. ಅವರಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದು: ಎಂಜಿನ್ನಿನ ಎಣ್ಣೆ ಸೋಸುವ ಏರ್ಪಾಡನ್ನು ಹಣ ಖರ್ಚುಮಾಡಿ ಉತ್ತಮಪಡಿಸಬೇಕೇ, ಇದ್ದಂತೆಯೇ ಬಿಡಬೇಕೇ? ವೈದ್ಯರಾದ ನಮಗೆ ಎಂಜಿನ್ನಿಗಿಂತ ಮೂತ್ರಪಿಂಡದ ಪರಿಚಯ ಹೆಚ್ಚು. ಆದರೆ ರೋಗಿಯ ಪೂರ್ವವೃತ್ತಾಂತ ಕೇಳದೆ ಔಷಧಿ ಬರೆಯಬಾರದೆಂಬ ಪಾಠ ಇಲ್ಲಿಯೂ ಸಲ್ಲುತ್ತದೆ. ಆದ್ದರಿಂದ ಮೊದಲು ಚರಿತ್ರೆ, ಆಮೇಲೆ ಚಿಕಿತ್ಸೆ.

ಎತ್ತಿನ ಗಾಡಿಯ ಅಚ್ಚಿಗೆ ನಮ್ಮ ಹಿರಿಯರು ಹರಳೆಣ್ಣೆಯ ಕೀಲೆಣ್ಣೆ ಹಚ್ಚುತ್ತಿದ್ದರು. ಅದನ್ನು ಸೋಸುವ ಪ್ರಶ್ನೆಯೇ ಇರಲಿಲ್ಲ. ಒಮ್ಮೆ ಹಚ್ಚಿದ ಎಣ್ಣೆ ದಾರಿಯಲ್ಲಿ ಸೋರಿ ಹೋಗುತ್ತಿತ್ತು. (ಅದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ 1909ರಲ್ಲಿ ವೇಕ್‌ಫೀಲ್ಡ್ ಕಂಪನಿ ತನ್ನ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ನಾಮಕರಣ ಮಾಡಿತು.) ಕಾರಿನಲ್ಲಾದರೋ ಅದೇ ಎಣ್ಣೆ ರಕ್ತದಂತೆ ಮತ್ತೆ ಮತ್ತೆ ಸುತ್ತಬೇಕು. ಸುತ್ತುವ ಎಣ್ಣೆ ಕೊಳೆಯಾಗುತ್ತದೆ.

ಆದರೂ ಮೊದಮೊದಲ ಕಾರುಗಳಿಗೆ ಫಿಲ್ಟರ್ ಇರಲಿಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿಗೂ ಇಲ್ಲ, 1922ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಡ್ಜ್‌ನಿಂದ ಹೊರಬಂದ ಆಸ್ಟಿನ್ ಸೆವೆನ್‌ಗೂ ಇಲ್ಲ. ಹಾಗಾದರೆ ಅವು ಹೇಗೆ ಬದುಕಿದವು? ನಮ್ಮ ಶೆಫೀಲ್ಡ್ ಉಕ್ಕಿನ ಊರು. ಆದರೆ ಉಕ್ಕಿನ ಮೇಲೆ ಉಕ್ಕು ತಿರುಗಿದರೆ ಎರಡೂ ಕೆಡುತ್ತವೆ. ಅದಕ್ಕಾಗಿ 1839ರಲ್ಲಿ ಅಮೆರಿಕದ ಐಸಾಕ್ ಬ್ಯಾಬಿಟ್ ತವರ ಪ್ರಧಾನವಾದ ಮೆದು ಬಿಳಿಲೋಹದ ಬೇರಿಂಗನ್ನು ಕೊಟ್ಟಿದ್ದ. ಮರಳಿನ ಕಣ ಬಂದರೆ ಈ ಮೆದು ಲೋಹ ಅದನ್ನು ತನ್ನೊಳಗೆ ಹುದುಗಿಸಿಕೊಂಡು ದಂಡವನ್ನು ಉಳಿಸುತ್ತಿತ್ತು. ಜೊತೆಗೆ 500ರಿಂದ 1,000 ಮೈಲಿಗೊಮ್ಮೆ ಎಣ್ಣೆ ಬದಲಾಯಿಸುವ ಪದ್ಧತಿ ಇತ್ತು.

1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ‘ಪ್ಯೂರೊಲೇಟರ್’ ಎಂಬ ಫಿಲ್ಟರನ್ನು ತಂದ. ಮರುವರ್ಷವೇ ಅಂಥ ಫಿಲ್ಟರ್ ಕ್ರೈಸ್ಲರ್ ಕಾರಿನಲ್ಲಿ ಬಂದಿತು. ಆ ಕಾಲದ ಫಿಲ್ಟರುಗಳು ‘ಬೈಪಾಸ್’ ಜಾತಿಯವು: ಪಂಪಿನಿಂದ ಬಂದ ಎಣ್ಣೆಯಲ್ಲಿ ಒಂದು ಸಣ್ಣ ಪಾಲು ಮಾತ್ರ ಫಿಲ್ಟರಿಗೆ ಹೋಗಿ, ಉಳಿದದ್ದು ನೇರವಾಗಿ ಬೇರಿಂಗಿಗೆ ಹೋಗುತ್ತಿತ್ತು. ನಮ್ಮ ಮೂತ್ರಪಿಂಡವೂ ಇದೇ ಜಾತಿ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳಿದರೆ ಮೂತ್ರಪಿಂಡಗಳಿಗೆ ಬರುವುದು ಸುಮಾರು 1 ಲೀಟರ್. ನಿಧಾನ, ಆದರೆ ಬಹಳ ಸೂಕ್ಷ್ಮವಾದ ಕೆಲಸ.

ಮುಂದೆ ಎಂಜಿನ್ನುಗಳ ವೇಗವೂ ಶಕ್ತಿಯೂ ಹೆಚ್ಚಿ, ಮೆದು ಬಿಳಿಲೋಹ ಆ ಒತ್ತಡ ತಾಳದೆ ಹೋಯಿತು. ಗಟ್ಟಿ ಬೇರಿಂಗುಗಳು ಬಂದವು. ಅವು ಭಾರ ಹೊರುತ್ತವೆ, ಆದರೆ ಕಸವನ್ನು ನುಂಗಲಾರವು. ಆದ್ದರಿಂದ ಎಣ್ಣೆಯೆಲ್ಲವೂ ಬೇರಿಂಗಿಗೆ ಮುಂಚೆಯೇ ಫಿಲ್ಟರನ್ನು ಹಾದುಬರುವ ‘ಫುಲ್ ಫ್ಲೋ’ ಪದ್ಧತಿ ಬೇಕಾಯಿತು. ದೇಹದಲ್ಲಿ ರಕ್ತವೆಲ್ಲ ಶ್ವಾಸಕೋಶವನ್ನು ಹಾದುಬರುವ ಹಾಗೆ. ಇದಕ್ಕೆ ಒಳ್ಳೆಯ ಸಾಕ್ಷಿ ಮಾರಿಸ್ ಮೈನರ್. 1956ರಲ್ಲಿ ಅದರ ಎಂಜಿನ್ 803ರಿಂದ 948 ಸಿ.ಸಿ.ಗೆ ಬೆಳೆದಾಗ ಗಟ್ಟಿಯಾದ ಸೀಸ-ಇಂಡಿಯಂ ಬೇರಿಂಗೂ ಫುಲ್ ಫ್ಲೋ ಫಿಲ್ಟರೂ ಜೊತೆಯಾಗಿಯೇ ಬಂದವು. ಅದೇ ಎಂಜಿನ್ ವಂಶ 2000ನೇ ಇಸವಿಯವರೆಗೆ ಮಿನಿಯಲ್ಲಿ ಬಾಳಿತು. ಅದರ ಅಣ್ಣನಂತಿದ್ದ ಬಿ-ಸೀರೀಸ್ ಎಂಜಿನ್ನೇ ಊರಿನಲ್ಲಿ ನಮ್ಮನ್ನೆಲ್ಲ ಮದುವೆ ಮುಂಜಿಗಳಿಗೆ ಹೊತ್ತೊಯ್ದ ಅಂಬಾಸಡರಿನ ಹೃದಯವಾಗಿ ದಶಕಗಳ ಕಾಲ ಮಿಡಿಯಿತು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು.

ಫುಲ್ ಫ್ಲೋ ಫಿಲ್ಟರಿನಲ್ಲಿ ಒಂದು ವಿವೇಕವಿದೆ. ಕಸ ಕಟ್ಟಿಕೊಂಡರೆ ಒಂದು ಸಣ್ಣ ಕವಾಟ ತೆರೆದು ಸೋಸದ ಎಣ್ಣೆಯನ್ನೇ ಮುಂದಕ್ಕೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆ ವಾಸಿ!

ಮೂರನೆಯ ಪಾತ್ರಧಾರಿ ಎಣ್ಣೆ. ಹಿಂದಿನ ಸಾದಾ ಎಣ್ಣೆಯಲ್ಲಿ ಮಸಿ ತಳಕ್ಕಿಳಿದು ಕೆಸರಾಗುತ್ತಿತ್ತು. 1930ರ ದಶಕದಲ್ಲಿ ಡೀಸೆಲ್ ಎಂಜಿನ್ನುಗಳಿಗಾಗಿ ಬಂದು, ಮಹಾಯುದ್ಧದ ನಂತರ ಕಾರುಗಳಿಗೂ ಹರಡಿದ ಡಿಟರ್ಜೆಂಟ್ ಎಣ್ಣೆಗಳು ಮಸಿಯನ್ನು ತಳಕ್ಕೆ ಬಿಡದೆ ತೇಲಿಸಿಕೊಂಡು ತಿರುಗುತ್ತವೆ. ಫಿಲ್ಟರ್ ಇದ್ದರೆ ದೊಡ್ಡ ಕಣಗಳು ಅಲ್ಲಿ ನಿಲ್ಲುತ್ತವೆ, ಉಳಿದದ್ದು ಎಣ್ಣೆ ಬದಲಾಯಿಸುವಾಗ ಹೊರಬೀಳುತ್ತದೆ. ಆದರೆ ಎಷ್ಟೋ ವರ್ಷ ಸಾದಾ ಎಣ್ಣೆಯಲ್ಲಿ ಓಡಿ ಕೆಸರು ತುಂಬಿದ ಎಂಜಿನ್ನಿಗೆ ಏಕಾಏಕಿ ಈ ಎಣ್ಣೆ ಸುರಿದರೆ, ಕೆಸರು ಎದ್ದು ಕಿರಿದಾದ ದಾರಿಗಳನ್ನು ಮುಚ್ಚಬಹುದು. ರಕ್ತನಾಳದಲ್ಲಿ ಹೆಪ್ಪು ಸಡಿಲಗೊಂಡಂತೆ!

ಚರಿತ್ರೆ ಹೇಳುವುದು ಇಷ್ಟೇ: ಬೇರಿಂಗು, ಎಣ್ಣೆ, ಫಿಲ್ಟರು ಮೂವರೂ ಒಂದೇ ಕುಟುಂಬ. ಒಬ್ಬರನ್ನು ಬದಲಾಯಿಸುವ ಮುಂಚೆ ಉಳಿದಿಬ್ಬರನ್ನು ವಿಚಾರಿಸಬೇಕು.

ಇನ್ನು ಚಿಕಿತ್ಸೆ. ಫುಲ್ ಫ್ಲೋ ಫಿಲ್ಟರ್ ಇರುವ ಕಾರಿಗೆ, ಅಂದರೆ 1956ರ ನಂತರದ ಮೈನರ್, ಮಿನಿ ಮತ್ತು ನಮ್ಮ ಇಂದಿನ ಎಲ್ಲ ಪೆಟ್ರೋಲ್, ಡೀಸೆಲ್ ಕಾರುಗಳಿಗೆ, ಹೆಚ್ಚಿನ ಏರ್ಪಾಡು ಬೇಡ. ಒಳ್ಳೆಯ ಫಿಲ್ಟರನ್ನು ಎಣ್ಣೆಯೊಂದಿಗೆ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು. ಜರ್ಮನಿಯಲ್ಲಿ ತಯಾರಾದ ಹಳೆಯ ಬೀಟಲ್‌ಗೆ ಇರುವುದು ಚಹಾ ಜರಡಿಯಂಥ ತಂತಿಬಲೆ ಮಾತ್ರ. ಅದರಲ್ಲಿ ದೂರ ಓಡಾಡುವವರು, ಎಂಜಿನ್ ಬಿಚ್ಚಿ ಕಟ್ಟಿಸುವ ಸಮಯದಲ್ಲಿ ಫುಲ್ ಫ್ಲೋ ಫಿಲ್ಟರ್ ಹಾಕಿಸುವುದು ಸಾರ್ಥಕ. ಆದರೆ ಹೊರಗಿನ ಒಂದೊಂದು ಕೊಳವೆಯೂ ಸೋರುವ ಒಂದೊಂದು ಅವಕಾಶ. ಕೊಳವೆ ಒಡೆದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಾಳು. ಅಗ್ಗದ ಕೊಳವೆ ಬೇಡ. ಭಾನುವಾರ ಮಾತ್ರ ಹೊರಡುವ ಕಾರಿಗೆ ಇದೆಲ್ಲ ಮೂಗಿಗಿಂತ ಮೂಗುತಿ ಭಾರವಾದೀತು.

ಕೊನೆಗೊಂದು ಮಾತು. ಚಳಿಗಾಲದಲ್ಲಿ ಮನೆಯಿಂದ ಆಸ್ಪತ್ರೆಗೆ ಎರಡು ಮೈಲಿ, ಅಲ್ಲಿಂದ ಶಾಲೆಗೆ ಒಂದು ಮೈಲಿ, ಇದು ನಮ್ಮಲ್ಲಿ ಅನೇಕರ ದಿನಚರಿ. ಎಂಜಿನ್ ಬಿಸಿಯಾಗುವ ಮೊದಲೇ ನಿಂತರೆ ನೀರಿನ ಆವಿಯೂ ಪೆಟ್ರೋಲೂ ಎಣ್ಣೆಗೆ ಸೇರುತ್ತವೆ. ಸಾಮಾನ್ಯ ಫಿಲ್ಟರ್ ಕಣಗಳನ್ನು ಹಿಡಿದೀತೇ ಹೊರತು ಇವನ್ನು ಹಿಡಿಯಲಾರದು. ಇದಕ್ಕೆ ಮದ್ದು ಎಣ್ಣೆ ಬದಲಾವಣೆ. ಮೈಲಿ ಕಡಿಮೆ ಓಡಿದೆಯೆಂದು ವರ್ಷದ ಸರ್ವಿಸ್ ಮುಂದೂಡಬೇಡಿ. ರೋಗಿಗಳಿಗೆ ನಾವು ಹೇಳುವ ವಾರ್ಷಿಕ ತಪಾಸಣೆಯ ಬುದ್ಧಿವಾದವೂ ಇದೇ ಅಲ್ಲವೇ?