‘ಆಗಿಬರೋದಿಲ್ಲ’ ಅನ್ನೋ ಮಾತಿನ ನೂರು ವರ್ಷ

ನಮ್ಮ ಕಡೆ ‘ಅವನಿಗೆ ಅದು ಆಗಿಬರಲ್ಲ’ ಅಂದ್ರೆ ಮಾತು ಮುಗೀತು. ಒಬ್ಬರಿಗೆ ಬದನೆಕಾಯಿ, ಇನ್ನೊಬ್ಬರಿಗೆ ಸೀಗಡಿ. ಆಗಿಬರದಿದ್ರೆ ತಿನ್ನಬೇಡಿ, ಅಷ್ಟೇ ಚಿಕಿತ್ಸೆ. ‘ಅಲರ್ಜಿ’ ಅನ್ನೋ ಹೆಸರು ಬಂದಿದ್ದು 1906ರಲ್ಲಿ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟ ಹೆಸರು. ಸೀರಮ್ ಚುಚ್ಚುಮದ್ದು ಎರಡನೇ ಸಲ ತಗೊಂಡ ಮಕ್ಕಳ ಮೈ ಮೊದಲಿಗಿಂತ ಬೇಗ, ಬೇರೆ ಥರ ಪ್ರತಿಕ್ರಿಯಿಸೋದನ್ನ ಆತ ಗಮನಿಸಿದ್ದ.

ನಾನು ಡಾಕ್ಟರಲ್ಲ. ಮಗನಿಗೆ ಎರಡು ವರ್ಷ ಇದ್ದಾಗ ಕಡಲೆಬೀಜದ ಅಲರ್ಜಿ ಅಂತ ಗೊತ್ತಾಯ್ತು. ಚಿತ್ರಾನ್ನ, ಚಟ್ನಿಪುಡಿ, ಹುಳಿಯವಲಕ್ಕಿ ಎಲ್ಲದರಲ್ಲೂ ಕಡಲೆಬೀಜ ಹಾಕೋ ಮನೆ ನಮ್ಮದು! ಅಂದಿನಿಂದ ಅಡ್ರಿನಲಿನ್ ಪೆನ್ನಿಲ್ಲದೆ ಹೊರಗೆ ಹೋಗಿಲ್ಲ. ‘ತಿನ್ನಿಸಬೇಡಿ’ ಅನ್ನೋದು ಬಿಟ್ಟು ಬೇರೆ ಏನಾದ್ರೂ ಇದೆಯಾ ಅಂತ ಹುಡುಕುತ್ತಾ ಹೊರಟವನಿಗೆ ಸಿಕ್ಕಿದ್ದು ಈ ಇತಿಹಾಸ. ಅದರ ಬಹುಪಾಲು ನಡೆದಿದ್ದು ನಾನಿರೋ ಲಂಡನ್ನಿನಲ್ಲೇ.

1908ರಲ್ಲಿ ಆಲ್‌ಫ್ರೆಡ್ ಸ್ಕೋಫೀಲ್ಡ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಬ್ಬ ಹುಡುಗನ ಕಥೆ ಬರೆದರು. ಹದಿಮೂರು ವರ್ಷದವನು, ಮೊಟ್ಟೆ ಅಂದ್ರೆ ವಿಷ. ಸ್ಕೋಫೀಲ್ಡ್ ಅವನಿಗೆ ಮಾತ್ರೆಯಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದರು. ಎಷ್ಟು? ಒಂದು ಮೊಟ್ಟೆಯ ಹತ್ತು ಸಾವಿರದಲ್ಲಿ ಒಂದು ಭಾಗ! ನಿಧಾನಕ್ಕೆ ಏರಿಸುತ್ತಾ ಹೋದರು. ಕೆಲವು ತಿಂಗಳಲ್ಲಿ ಹುಡುಗ ಮೊಟ್ಟೆ ತಿನ್ನತೊಡಗಿದ.

ಮೂರು ವರ್ಷದ ಮೇಲೆ, 1911ರಲ್ಲಿ, ಸೇಂಟ್ ಮೇರೀಸ್ ಆಸ್ಪತ್ರೆಯ ಲೆನರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಹೇ ಫೀವರ್ ರೋಗಿಗಳಿಗೆ ಚುಚ್ಚಿ ನೋಡಿದರು. ಪರಾಗದಲ್ಲಿ ವಿಷ ಇದೆ, ಚುಚ್ಚಿದರೆ ಮೈ ಪ್ರತಿವಿಷ ತಯಾರಿಸುತ್ತೆ ಅನ್ನೋದು ಅವರ ತರ್ಕ. ತರ್ಕ ತಪ್ಪು, ಚಿಕಿತ್ಸೆ ಸರಿ! ನೂನ್ 1913ರಲ್ಲಿ ಕ್ಷಯದಿಂದ ತೀರಿಕೊಂಡರು. ಗೆಳೆಯ ಜಾನ್ ಫ್ರೀಮನ್ ಕೆಲಸ ಮುಂದುವರಿಸಿದರು. ನಿಜವಾದ ಕಾರಣ ಸಿಗೋಕೆ 1960ರ ದಶಕ ಬರಬೇಕಾಯ್ತು. ಅಮೆರಿಕದಲ್ಲಿದ್ದ ಜಪಾನಿ ದಂಪತಿ ಇಶಿಜಾಕಾ ಮತ್ತು ಸ್ವೀಡನ್ನಿನ ಯೋಹಾನ್ಸನ್, ಬೆನ್ನಿಚ್ ಬೇರೆಬೇರೆಯಾಗಿ ಕಂಡುಹಿಡಿದ ರಕ್ತದ ಆ ಪ್ರತಿಕಾಯಕ್ಕೆ 1968ರಲ್ಲಿ ‘ಐಜಿಇ’ ಅಂತ ಹೆಸರಾಯ್ತು.

ಮತ್ತೆ ಈ ಚಿಕಿತ್ಸೆ ಎಲ್ಲಿ ಹೋಯ್ತು? ಚುಚ್ಚುಮದ್ದಿಗೆ ಮೈ ವಿಪರೀತ ಪ್ರತಿಕ್ರಿಯಿಸಿ ಕೆಲವರು ಸತ್ತರು. 1957ರಿಂದ 26 ಸಾವು ಲೆಕ್ಕಕ್ಕೆ ಬಂದ ಮೇಲೆ, 1986ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ‘ಜೀವ ಉಳಿಸೋ ಪೂರ್ತಿ ವ್ಯವಸ್ಥೆ ಇರೋ ಕಡೆ ಮಾತ್ರ ಕೊಡಿ’ ಅಂತ ಬಿಗಿ ಮಾಡಿತು. ಹುಟ್ಟಿದ ಊರಲ್ಲೇ ಚಿಕಿತ್ಸೆ ಮೂಲೆಗೆ ಸೇರಿತು. ಅವರ ಭಯ ಸುಳ್ಳೇನಲ್ಲ.

ಆಹಾರದ ವಿಷಯದಲ್ಲಿ ಇನ್ನೊಂದು ತಿರುವು. 1998ರಲ್ಲಿ ಬ್ರಿಟನ್, 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲರ್ಜಿ ಇರೋ ಮನೆತನದ ಮಗುವಿಗೆ ಮೂರು ವರ್ಷದವರೆಗೆ ಕಡಲೆಬೀಜ ಬೇಡ ಅಂದವು. ಆದರೆ 2008ರಲ್ಲಿ ಗಿಡಿಯನ್ ಲ್ಯಾಕ್ ತಂಡ ಒಂದು ಹೋಲಿಕೆ ಮಾಡಿತು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಬೀಜದ ಅಲರ್ಜಿ ನೂರಕ್ಕೆ 1.85, ಇಸ್ರೇಲಿನ ಮಕ್ಕಳಲ್ಲಿ ಬರೀ 0.17! ಅಲ್ಲಿಯ ಕೂಸುಗಳು ‘ಬಾಂಬಾ’ ಅನ್ನೋ ಕಡಲೆಬೀಜದ ಕುರುಕಲು ಚಪ್ಪರಿಸುತ್ತಲೇ ಬೆಳೆಯುತ್ತವೆ. ನಂತರ ಜೋರು ಎಗ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳ ಮೇಲೆ ಲಂಡನ್ನಿನಲ್ಲಿ ಪ್ರಯೋಗ ನಡೆದು 2015ರಲ್ಲಿ ಫಲಿತಾಂಶ ಬಂತು. ಐದು ವರ್ಷ ತುಂಬುವಾಗ, ತಿನ್ನದ ಗುಂಪಿನಲ್ಲಿ ನೂರಕ್ಕೆ 17.2 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ 3.2. ಸಲಹೆ ತಲೆಕೆಳಗಾಯ್ತು.

ಆದ್ರೆ ಆಗಲೇ ಅಲರ್ಜಿ ಬಂದಿರೋ ನನ್ನ ಮಗನಂಥವರಿಗೆ? ಇಲ್ಲೇ ಸ್ಕೋಫೀಲ್ಡ್ ವಾಪಸ್ ಬರೋದು. 2014ರಲ್ಲಿ ಕೇಂಬ್ರಿಜ್ ತಂಡ 7ರಿಂದ 16 ವರ್ಷದ 99 ಮಕ್ಕಳ ಪ್ರಯೋಗ ಪ್ರಕಟಿಸಿತು, ಅದೂ ಅದೇ ‘ಲ್ಯಾನ್ಸೆಟ್’ನಲ್ಲಿ. ಆರು ತಿಂಗಳ ಚಿಕಿತ್ಸೆಯ ನಂತರ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ದಿನಕ್ಕೆ ಐದು ಬೀಜದಷ್ಟು ತಡೆದುಕೊಂಡರು. ಕಡಲೆಬೀಜದ ಪುಡಿಯ ಔಷಧವೊಂದಕ್ಕೆ 2020ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2024ರ ಫೆಬ್ರವರಿಯಲ್ಲಿ, ಐಜಿಇಯನ್ನೇ ಹಿಡಿದುಕೊಳ್ಳೋ ಓಮಲಿಜುಮಾಬ್‌ಗೆ ಆಹಾರದ ಅಲರ್ಜಿಗೂ ಒಪ್ಪಿಗೆ ಸಿಕ್ಕಿತು.

ಇದ್ಯಾವುದೂ ಪೂರ್ತಿ ಗುಣ ಅಲ್ಲ. ತಪ್ಪಿ ಒಂದು ಬೀಜ ಬಾಯಿಗೆ ಹೋದ್ರೆ ಜೀವಕ್ಕೆ ಅಪಾಯ ಕಮ್ಮಿ, ಅಷ್ಟೇ. ಪೆನ್ನು ಜೇಬಿನಲ್ಲೇ ಇರುತ್ತೆ. ಆದ್ರೆ ಸ್ನೇಹಿತರ ಹುಟ್ಟುಹಬ್ಬಕ್ಕೆ ಮಗನನ್ನ ಕಳಿಸೋ ಅಪ್ಪನಿಗೆ ‘ಅಷ್ಟೇ’ ಅನ್ನೋದು ದೊಡ್ಡ ಮಾತು.

ಊರಿಗೆ ಹೋದಾಗ ಒಬ್ಬರಲ್ಲ ಒಬ್ಬರು ಹೇಳ್ತಾರೆ, “ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡ್ಸಿ, ಸರಿಹೋಗುತ್ತೆ.” ನಗು ಬರುತ್ತೆ, ಯಾಕಂದ್ರೆ ವಿಚಾರ ಅದೇ! ವ್ಯತ್ಯಾಸ ಇರೋದು ಆ ‘ಸ್ವಲ್ಪ’ದಲ್ಲಿ. ಸ್ಕೋಫೀಲ್ಡರ ಸ್ವಲ್ಪ ಹತ್ತು ಸಾವಿರದಲ್ಲಿ ಒಂದು ಪಾಲು, ಪಕ್ಕದಲ್ಲಿ ಡಾಕ್ಟರು ಬೇರೆ. ದೊಡ್ಡಮ್ಮನ ಸ್ವಲ್ಪ ಅಂದ್ರೆ ಒಂದು ಮುಷ್ಟಿ. ನಿಮ್ಮ ಮನೇಲೂ ಇಂಥ ಮಗು ಇದ್ರೆ ಅಡುಗೆಮನೆಯಲ್ಲಿ ಪ್ರಯೋಗ ಮಾಡೋಕೆ ಹೋಗಬೇಡಿ, ಅಲರ್ಜಿ ತಜ್ಞರನ್ನೇ ಕೇಳಿ. ಹಾಗೇ, ಮದುವೆ ಊಟದಲ್ಲಿ ಬಡಿಸೋರನ್ನ ಎರಡು ಸಲ ಕೇಳೋಕೆ ಸಂಕೋಚ ಬೇಡ.